ಬಿಸಿ ಅನ್ನ, ದೊಡ್ಡಪತ್ರೆ ತಂಬುಳಿ

ಎಪ್ಪತ್ತು ವರ್ಷ ನಾನು ಒಲೆಯ ಮುಂದೆ ನಿಂತವನಲ್ಲ. ನನ್ನಾಕೆ ತೀರಿಕೊಂಡ ಮೇಲೆ ನಿಲ್ಲಬೇಕಾಯಿತು. ಮಗ, ಸೊಸೆ ಕೆಲಸದಿಂದ ಬರುವಾಗ ರಾತ್ರಿ ಎಂಟೂವರೆ. ಮೊಮ್ಮಗಳಿಗೆ ಏಳಕ್ಕೇ ಹಸಿವು. ಒಂದು ವಾರ ಬ್ರೆಡ್ಡು, ಬಿಸ್ಕತ್ತು ಕೊಟ್ಟೆ. “ಅಜ್ಜಿಯ ಹಸಿರು ತಂಬುಳಿ ಬೇಕು” ಅಂದಳು.

ಬಾಲ್ಕನಿಯ ಕುಂಡದಲ್ಲಿ ಅಜ್ಜಿ ನೆಟ್ಟಿದ್ದ ದೊಡ್ಡಪತ್ರೆ ಹಾಗೇ ಇತ್ತು. ಒಂದು ತುಂಡು ಕಡ್ಡಿ ಚುಚ್ಚಿದರೂ ಚಿಗುರುವ ಗಿಡ ಅದು. ಎಲೆ ಕಿತ್ತು ರುಬ್ಬಿ, ಮಜ್ಜಿಗೆ ಹಾಕಿ, ಸಾರಿನಂತೆ ಕುದಿಸಿಬಿಟ್ಟೆ! ಮಜ್ಜಿಗೆ ಒಡೆದು ನೀರೇ ಬೇರೆ, ಗಷ್ಟೇ ಬೇರೆ. ತಂಬುಳಿಯನ್ನು ಕುದಿಸಬಾರದೆಂದು ನನಗೆ ಯಾರು ಹೇಳಬೇಕು?

ಈಗ ಕೈ ಪಳಗಿದೆ. 12 ಎಲೆ, ಅರ್ಧ ಚಮಚ ಜೀರಿಗೆ, 5 ಕಾಳುಮೆಣಸು ತುಪ್ಪದಲ್ಲಿ ಹುರಿಯುತ್ತೇನೆ. ಎಲೆ ಬಾಡಿ ಘಮ್ಮೆಂದಾಗ ಇಳಿಸಿ, ಪೂರಾ ಆರಿದ ಮೇಲೆ ಒಂದು ಹಿಡಿ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬುತ್ತೇನೆ. ಎರಡು ಲೋಟ ಮಜ್ಜಿಗೆ, ಉಪ್ಪು, ಮೇಲೆ ಸಾಸಿವೆ, ಒಣಮೆಣಸಿನ ಒಗ್ಗರಣೆ. ಅಷ್ಟರಲ್ಲಿ ಕುಕ್ಕರ್ ಕೂಗಿರುತ್ತದೆ. (ಮಕ್ಕಳೇ, ಒಗ್ಗರಣೆಗೆ ದೊಡ್ಡವರನ್ನು ಕರೆಯಿರಿ.) ಎಲೆಗೆ ದುಡ್ಡಿಲ್ಲ. ಕಾಯಿ ದುಬಾರಿಯಾದ ವಾರ ತುರಿ ಕಡಿಮೆ ಮಾಡುತ್ತೇನೆ. ಗಿಡ ಬರಿದಾದರೆ ಒಂದು ಚಮಚ ಮೆಂತ್ಯ ಹುರಿದು ಇದೇ ರೀತಿ ಮಾಡಿದರಾಯಿತು.

ಎಲೆ ಕೀಳುವುದು ಮೊಮ್ಮಗಳ ಕೆಲಸ. ನಿನ್ನೆ ಉಣ್ಣುತ್ತಾ, “ಅಜ್ಜಿ ಇಷ್ಟು ಮೆಣಸು ಹಾಕ್ತಿರಲಿಲ್ಲ” ಅಂದಳು. ಆಮೇಲೆ ತಟ್ಟೆ ಮುಂದೆ ಮಾಡಿ, “ಇನ್ನೊಂದು ಸೌಟು” ಅಂದಳು.