ಕೆಮ್ಮಣ್ಣುಗುಂಡಿಯ ಕೆಂಪು ಬಂದದ್ದೆಲ್ಲಿಂದ?

ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಕೆಮ್ಮಣ್ಣುಗುಂಡಿ ಏರಿದವರ ಚಪ್ಪಲಿಗೆ ಮೊದಲು ಅಂಟುವುದು ಅಲ್ಲಿನ ಮಣ್ಣು. ಮಳೆಯಲ್ಲಿ ನೆನೆದರೆ ಥೇಟ್ ಕುಂಕುಮ ಕಲಸಿದ ಹಾಗೆ. ಝಡ್ ಪಾಯಿಂಟ್ ದಾರಿಯಲ್ಲಿ ಎಲ್ಲರ ಕಣ್ಣು ಕಣಿವೆಯ ಕಡೆಗೇ. ಒಮ್ಮೆ ಪಕ್ಕದ ಬಂಡೆಯನ್ನೂ ನೋಡಿ ಎಂಬುದು ನನ್ನ ಮನವಿ.

ಕಲ್ಲಿನ ತುಂಬ ಗೆರೆಗಳು. ಒಂದು ಕಪ್ಪು, ಒಂದು ಕೆಂಪು, ನಡುವೆ ಬೂದುಬಿಳಿ. ಕೆಲವು ಬೆರಳು ದಪ್ಪ, ಕೆಲವು ಉಗುರಿನಷ್ಟು ತೆಳು. ಕಪ್ಪು ಗೆರೆಗೆ ಅಯಸ್ಕಾಂತ ಹಿಡಿದರೆ ಕಚ್ಚಿಕೊಳ್ಳುತ್ತದೆ. ಅದು ಕಬ್ಬಿಣ, ಬಿಳಿಯದು ಬೆಣಚು. ಎರಡೂ ಪದರ ಪದರವಾಗಿ ಕೂತದ್ದು ಸಮುದ್ರದ ತಳದಲ್ಲಿ.

ಸಮುದ್ರಕ್ಕೂ ಮೊದಲು ಇಲ್ಲಿ ಹೊಳೆಗಳು ಹರಿಯುತ್ತಿದ್ದವು. ಕೆಮ್ಮಣ್ಣುಗುಂಡಿ ಸೇರಿದ ಬಾಬಾಬುಡನ್ ಶ್ರೇಣಿಯ ಬುಡದಲ್ಲಿರುವುದು ಅವು ತಂದು ಹಾಸಿದ ಮರಳು, ಗುಂಡುಕಲ್ಲು. ಮರಳುಗಲ್ಲೆಂದರೆ ನಮಗೆ ನೆನಪಾಗುವುದು ಬಾದಾಮಿ. ಇಲ್ಲಿಯದು ಅದಕ್ಕಿಂತ ಎಷ್ಟೋ ಹಳೆಯದು, ಸುಮಾರು 280 ಕೋಟಿ ವರ್ಷದ್ದು. ಭಾರಕ್ಕೆ, ಬಿಸಿಗೆ ಬೆಂದು, ಕಣಕ್ಕೆ ಕಣ ಬೆಸೆದು ಕ್ವಾರ್ಟ್ಜೈಟ್ ಆಗಿಬಿಟ್ಟಿದೆ. ಆದರೂ ಕೆಲವೆಡೆ ಅಲೆ ಮೂಡಿಸಿದ ಸುಕ್ಕು ಹಾಗೇ ಉಳಿದಿದೆ. ನೀರಿಳಿದ ಮಾರನೆಯ ದಿನ ಭದ್ರೆಯ ದಂಡೆಯಲ್ಲಿ ಕಾಣುವಂಥದೇ ಸುಕ್ಕು.

ಆ ಗುಂಡುಕಲ್ಲುಗಳ ಸಂದಿಯಲ್ಲಿ ಪೈರೈಟ್ ಎಂಬ ಕಬ್ಬಿಣದ ಖನಿಜದ ಕಾಳುಗಳಿವೆ. ನನ್ನನ್ನು ಹಿಡಿದು ನಿಲ್ಲಿಸುವುದು ಇವೇ. ಇಂದಿನ ಹೊಳೆಯಲ್ಲಾದರೆ ಗಾಳಿ ತಾಗಿ ತುಕ್ಕಾಗಿ ಕರಗಿಹೋಗುತ್ತಿದ್ದವು. ಅಂದು ನೀರಲ್ಲಿ ಉರುಳಾಡಿಯೂ ಉಳಿದವೆಂದರೆ, ಅಂದಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಕಡಲ ನೀರಿನಲ್ಲಿ ಕಬ್ಬಿಣ ಕರಗಿಕೊಂಡೇ ಇರಲು ಸಾಧ್ಯವಾದದ್ದೂ ಅದರಿಂದಲೇ. ಕ್ರಮೇಣ ಅದು ತಳಕ್ಕಿಳಿದು ಪಟ್ಟೆಯಾಯಿತು. ನೆಲ ಮೇಲೆದ್ದು ಬೆಟ್ಟವಾದ ಮೇಲೆ ಮಳೆ, ಗಾಳಿ ಅದನ್ನು ತುಕ್ಕು ಹಿಡಿಸಿದವು. ಚಪ್ಪಲಿಗೆ ಅಂಟಿದ ಕೆಂಪು ಆ ತುಕ್ಕು.

ಈ ಗಿರಿಯ ಹೆಸರು ಹೊತ್ತ ಖನಿಜವೇ ಒಂದಿದೆ: ಬಾಬಾಬುಡನೈಟ್. ಆದರೆ ಜನ ಅಗೆದದ್ದು ಇಲ್ಲಿನ ಕಬ್ಬಿಣದ ಅದಿರನ್ನು. ವಿಶ್ವೇಶ್ವರಯ್ಯನವರ ಕನಸಿನ ಭದ್ರಾವತಿ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿತು. ಅದಕ್ಕೆ ಅದಿರು ಹೋಗುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ಮಗ್ಗುಲಿನ ಕಾಡಿಗೆ ಬೇರೆ ಅದೃಷ್ಟವಿತ್ತು. ಜಾಗರ ಕಣಿವೆಗೆ 1951ರಲ್ಲೇ ರಕ್ಷಣೆ ಸಿಕ್ಕಿತು. 1974ರಲ್ಲಿ ಅದು ಭದ್ರಾ ಅಭಯಾರಣ್ಯವಾಯಿತು, 1998ರಲ್ಲಿ ಹುಲಿ ಮೀಸಲು. ಹುಲಿಗೆಂದು ಕೂರಿಸಿದ ಕಾವಲು ಅಲ್ಲಿನ ಕಲ್ಲಿಗೂ ದಕ್ಕಿದೆ.

ಹೆಬ್ಬೆ ಜಲಪಾತಕ್ಕೆ ಹೋಗುವ ಜೀಪಿಗೆ ಕಾಯುತ್ತ ಅಂಗೈಯಗಲದ ಕಲ್ಲೊಂದನ್ನು ಎತ್ತಿಕೊಂಡು ಗೆರೆ ಎಣಿಸತೊಡಗಿದೆ. ಹನ್ನೊಂದು ಎನ್ನುವಷ್ಟರಲ್ಲಿ ಜೀಪು ಬಂತು. ಕಲ್ಲನ್ನು ಇದ್ದಲ್ಲೇ ಇಟ್ಟೆ.