ಕಲಿತನದ ನುಡಿಗಳು

ತುಂಬಿದ ಹೊಳೆಗೆ ಹಾರಿ ಮುಳುಗುತ್ತಿದ್ದ ಮಗುವನ್ನು ಎತ್ತಿ ತಂದವನಿಗೂ, ಹಿಮಾಲಯದ ಶಿಖರವನ್ನೇರಿದವಳಿಗೂ, ಗಡಿಯಲ್ಲಿ ಶತ್ರುವಿನ ಗುಂಡಿಗೆ ಎದೆಯೊಡ್ಡಿದ ಯೋಧನಿಗೂ ನಾವು ಇಂದು ‘ಸಾಹಸಿ’ ಎಂಬ ಒಂದೇ ಪದವನ್ನು ಸಲ್ಲಿಸಿ ತೃಪ್ತರಾಗುತ್ತಿದ್ದೇವೆ. ಈ ಮೂವರನ್ನು ಮುನ್ನಡೆಸಿದ ಅಂತಃಶಕ್ತಿ ಒಂದೇ ಬಗೆಯದಲ್ಲ. ಮೊದಲನೆಯದು ಕರುಣೆಯಿಂದ ಹುಟ್ಟಿತು, ಎರಡನೆಯದು ಉತ್ಸಾಹದಿಂದ, ಮೂರನೆಯದು ಕರ್ತವ್ಯನಿಷ್ಠೆಯಿಂದ. ಈ ಭೇದವನ್ನು ಕನ್ನಡ ನುಡಿಯು ಬಹುಕಾಲದಿಂದ ಬಲ್ಲದು. ಅದು ಕಲ್ಲಿನ ಮೇಲೂ ಓಲೆಯ ಮೇಲೂ ಜನರ ನಾಲಗೆಯ ಮೇಲೂ ಕೂಡಿಸಿಟ್ಟ ವೀರದ ಪದಸಂಪತ್ತನ್ನು ನಾವು ಬಳಸದೆ ಬಡವಾಗುತ್ತಿದ್ದೇವೆಂಬುದೇ ನನ್ನ ಕಳವಳ.

ಮೊದಲು ಸಂಸ್ಕೃತದಿಂದ ಬಂದ ಪದಗಳನ್ನು ನೋಡೋಣ. ವಿಕ್ರಮ, ಪರಾಕ್ರಮ ಎಂಬೆರಡರಲ್ಲಿಯೂ ಹೆಜ್ಜೆಯಿಡುವುದೆಂಬ ಅರ್ಥವಿದೆ. ಹಿಂಜರಿಯದೆ ಮುಂದಡಿಯಿಡುವವನೇ ಪರಾಕ್ರಮಿ. ಧೈರ್ಯವಾದರೋ ನಡೆಯುವ ಗುಣವಲ್ಲ, ನಿಲ್ಲುವ ಗುಣ. ಮನಸ್ಸು ಕದಡುವುದಕ್ಕೆ ಕಾರಣವು ಎದುರಿಗಿದ್ದರೂ ಕದಡದವನೇ ಧೀರನೆಂದು ಕಾಳಿದಾಸನು ಕುಮಾರಸಂಭವದಲ್ಲಿ ನಿರ್ಣಯಿಸಿದುದು ರಣರಂಗದ ಪ್ರಸಂಗದಲ್ಲಿ ಅಲ್ಲ, ತಪಸ್ಸಿಗೆ ಕುಳಿತ ಶಿವನನ್ನು ಕುರಿತು ಎಂಬುದನ್ನು ಗಮನಿಸಬೇಕು. ಆದುದರಿಂದ ರೋಗಶಯ್ಯೆಯಲ್ಲಿರುವವನೂ ಧೀರನಾಗಬಲ್ಲನು. ಪರಾಕ್ರಮಿಯೆಂಬ ಮಾತು ಮಾತ್ರ ಅವನಿಗೆ ಒಪ್ಪದು.

‘ಸಾಹಸ’ದ ಕಥೆ ಇನ್ನೂ ಸ್ವಾರಸ್ಯವಾದುದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಹೇಳಿರುವ 18 ವ್ಯವಹಾರಪದಗಳಲ್ಲಿ, ಎಂದರೆ ನ್ಯಾಯಸ್ಥಾನದ ಮುಂದೆ ಬರತಕ್ಕ ವ್ಯಾಜ್ಯಗಳಲ್ಲಿ, ಸಾಹಸವೂ ಒಂದು. ಅಲ್ಲಿ ಅದಕ್ಕೆ ಬಲಾತ್ಕಾರದಿಂದ ಎಸಗಿದ ಅಪರಾಧವೆಂದೇ ಅರ್ಥ. ಅದೇ ಪದವು ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರನ್ನನ ಗದಾಯುದ್ಧಕ್ಕೆ ‘ಸಾಹಸಭೀಮವಿಜಯ’ವೆಂಬ ಇನ್ನೊಂದು ಹೆಸರಾಗಿ, ಕವಿಯ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನ ಕೀರ್ತಿಯನ್ನು ಸಾರುವಷ್ಟು ಪರಿಶುದ್ಧವಾಗಿದ್ದಿತು. ‘ದಿಟ್ಟ’ನ ಭಾಗ್ಯವೂ ಇಂತಹುದೇ. ಅದರ ಮೂಲವಾದ ‘ಧೃಷ್ಟ’ ಶಬ್ದಕ್ಕೆ ಸಂಸ್ಕೃತದಲ್ಲಿ ಉದ್ಧಟನೆಂಬ ನಿಂದೆಯ ಅರ್ಥವುಂಟು. ಕನ್ನಡಿಗರ ಬಾಯಲ್ಲಿ ದಿಟ್ಟನೂ ದಿಟ್ಟೆಯೂ ಮನ್ನಣೆಯ ಮಾತುಗಳು.

ಆದರೆ ನಮ್ಮ ಆಲಂಕಾರಿಕರು ಈ ವಿಷಯದಲ್ಲಿ ತೋರಿದ ವಿವೇಕವನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ಭರತನ ನಾಟ್ಯಶಾಸ್ತ್ರದಲ್ಲಿ ವೀರರಸಕ್ಕೆ ಸ್ಥಾಯಿಭಾವವು ಕ್ರೋಧವಲ್ಲ, ಉತ್ಸಾಹ. ಕ್ರೋಧದಿಂದ ಹುಟ್ಟುವುದು ರೌದ್ರ. ಸಿಟ್ಟಿನಿಂದ ಕೈಯೆತ್ತಿದವನು ಎಷ್ಟೇ ಬಲಿಷ್ಠನಾದರೂ ವೀರನಲ್ಲವೆಂಬ ಈ ಒಂದು ನಿರ್ಣಯದಿಂದಲೇ, ಯುದ್ಧವೀರನ ಪಕ್ಕದಲ್ಲಿ ದಾನವೀರ, ಧರ್ಮವೀರ, ದಯಾವೀರರಿಗೂ ಪೀಠ ದೊರಕಿತು. ಔರಂಗಜೇಬನ ಕೋಪಕ್ಕೆ ಗುರಿಯಾಗುವೆನೆಂದು ತಿಳಿದೂ, ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತು ಮೊಗಲ ಸೈನ್ಯವನ್ನು ಎದುರಿಸಿ ನಿಂತ ಕೆಳದಿಯ ಚೆನ್ನಮ್ಮಾಜಿಯಲ್ಲಿ ದಯಾವೀರವೂ ಯುದ್ಧವೀರವೂ ಒಂದಾಗಿವೆ. ಆಕೆಯನ್ನು ಸಾಹಸಿಯೆಂದಷ್ಟೇ ಕರೆದರೆ ಆ ಶರಣಾಗತರಕ್ಷಣೆಯ ಹಿರಿಮೆ ಮರೆಯಾಗುತ್ತದೆ.

ಇನ್ನು ಅಚ್ಚಗನ್ನಡದ ಮಾತುಗಳು. ಮರದ ಒಳಗಿನ ಗಟ್ಟಿಯಾದ ತಿರುಳಿಗೆ ಕೆಚ್ಚೆಂದು ಹೆಸರು; ಹೊರಗಿನ ಬೆಳುಗಟ್ಟಿಗೆಗೆ ಹುಳು ಹಿಡಿದರೂ ಕೆಚ್ಚು ಬೇಗನೆ ಕೆಡುವುದಿಲ್ಲವೆಂಬುದನ್ನು ಮರಗೆಲಸದವರೆಲ್ಲ ಬಲ್ಲರು. ಆ ಮಾತನ್ನೇ ಮನುಷ್ಯನ ಎದೆಗೆ ಹೊಂದಿಸಿ ‘ಕೆಚ್ಚೆದೆ’ ಎಂದವರು ಯಾವ ಕಾಲದ ಯಾವ ಊರಿನ ಜನರೋ, ಅವರು ನಿಜವಾಗಿ ಕವಿಗಳು. ‘ಆಳ್’ ಎಂಬ ಪದವು ಹಳಗನ್ನಡದಲ್ಲಿ ಸೇವಕನಿಗೂ ಸಲ್ಲುತ್ತಿತ್ತು, ಯೋಧನಿಗೂ ಸಲ್ಲುತ್ತಿತ್ತು. ‘ಬಂಟ’ನೂ ಹಾಗೆಯೇ, ಹನುಮಂತನನ್ನು ರಾಮನ ಬಂಟನೆಂದಾಗ ಅವನ ದಾಸ್ಯವೂ ಪೌರುಷವೂ ಒಟ್ಟಿಗೇ ಉಚ್ಚರಿತವಾಗುತ್ತವೆ. ತನಗಾಗಿ ಅಲ್ಲದೆ ಪರರಿಗಾಗಿ ಹೋರಾಡುವುದೇ ಕಲಿತನವೆಂಬ ಭಾವನೆ ಈ ನುಡಿಗಳ ಬೇರಿನಲ್ಲಿಯೇ ಇದೆ. ‘ಗಂಡ’ ಎಂದರೆ ಶೂರನೆಂದು ಅರ್ಥವಿದ್ದುದರಿಂದಲೇ ಹೊಯ್ಸಳರು ‘ಮಲೆಪರೊಳ್ ಗಂಡ’ರೆಂದು ಹೇಳಿಕೊಂಡರು; ಆದರೆ ಶೌರ್ಯವನ್ನು ಗಂಡಸಿಗೇ ಮೀಸಲಿಟ್ಟ ಆ ಪದಕ್ಕಿಂತ, ನಮ್ಮ ಹಳ್ಳಿಯ ತಾಯಂದಿರು ಸಂಸಾರದ ಭಾರವನ್ನು ಒಬ್ಬಳೇ ಹೊತ್ತವಳಿಗೆ ಸಲ್ಲಿಸುವ ‘ಗಟ್ಟಿಗಿತ್ತಿ’ ಎಂಬ ಮಾತು ನನಗೆ ಹೆಚ್ಚು ಪ್ರಿಯವಾದುದು. ಭಂಡಧೈರ್ಯ, ಮೊಂಡುಧೈರ್ಯ, ಹುಂಬತನ ಎಂಬ ಪದಗಳನ್ನೂ ಇದೇ ಜನರು ಟಂಕಿಸಿ, ವಿವೇಕವಿಲ್ಲದ ಎದೆಗಾರಿಕೆಯನ್ನು ಬೇರೆಯಾಗಿಯೇ ಇಟ್ಟಿದ್ದಾರೆ.

ಈ ಮಾತುಗಳ ದೊಡ್ಡ ಭಂಡಾರ ನಮ್ಮ ಶಾಸನಗಳು. ಸುಮಾರು 450ನೆಯ ಇಸವಿಯದೆಂದು ಎಣಿಸಲಾದ ಹಲ್ಮಿಡಿ ಶಾಸನದಲ್ಲಿಯೇ, ಯುದ್ಧದಲ್ಲಿ ಮೆರೆದ ವಿಜಅರಸನಿಗೆ ‘ಬಾಳ್ಗಳ್ಚು’ ಎಂದು, ಎಂದರೆ ಕತ್ತಿಯನ್ನು ತೊಳೆದುದಕ್ಕೆ ಸಂದ ಗೌರವವೆಂದು, ಹಳ್ಳಿಗಳನ್ನು ಬಿಟ್ಟುಕೊಟ್ಟ ಸಂಗತಿಯಿದೆ. ವೀರಗಲ್ಲುಗಳಲ್ಲಿ ‘ತುರುಗೊಳ್’ ಎಂಬ ಪದವು ಮತ್ತೆ ಮತ್ತೆ ಬರುತ್ತದೆ. ಹಗೆಗಳು ಊರಿನ ದನಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡಗಟ್ಟಿ ಮಡಿದವರ ಕಥೆ ಅದು. ಅವರಲ್ಲಿ ಬಹುಮಂದಿ ರಾಜರಲ್ಲ, ಗಾವುಂಡರು, ಸಾಮಾನ್ಯ ಆಳುಗಳು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ.

ಇವೆಲ್ಲಕ್ಕೂ ಮಿಗಿಲೆಂದು ನಾನು ಭಾವಿಸುವುದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಚೋಳರೊಡನೆ ತಕ್ಕೋಲದಲ್ಲಿ ಕಾದಿದಾಗ ಶೌರ್ಯವನ್ನು ಮೆರೆದ ಮಣಲೆರನು, ಒಡೆಯನು ಮೆಚ್ಚಿ ವರ ಕೇಳೆಂದಾಗ, ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಸಾಮ್ರಾಜ್ಯಗಳ ಭವಿಷ್ಯವನ್ನು ನಿರ್ಧರಿಸಿದ ಯುದ್ಧದ ವಾರ್ತೆಯೂ ಒಂದು ನಾಯಿಯ ಕಲಿತನದ ವಾರ್ತೆಯೂ ಒಂದೇ ಶಿಲೆಯ ಮೇಲೆ ಸಮಾನ ಗೌರವದಿಂದ ನಿಂತಿವೆ. ಆ ಶಿಲೆ ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ.

ಆ ರಕ್ಷಣೆಯ ಭಾಗ್ಯವಿಲ್ಲದೆ ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ದೇವಸ್ಥಾನದ ಹಿತ್ತಿಲಿನಲ್ಲಿ ಉರುಳಿ ಬಿದ್ದಿರುವ ವೀರಗಲ್ಲುಗಳು ನಾಡಿನಲ್ಲಿ ಅಪಾರವಾಗಿವೆ. ವಾಚಕರೇ, ನಿಮ್ಮ ಊರಿನಲ್ಲಿ ಅಂತಹ ಕಲ್ಲೊಂದಿದ್ದರೆ ಅದನ್ನು ಮೆಟ್ಟಿಲಾಗಿಸಲು, ಒಗೆಯುವ ಬಂಡೆಯಾಗಿಸಲು ಬಿಡಬೇಡಿ. ನಿಲ್ಲಿಸಿರಿ, ಬಲ್ಲವರಿಂದ ಓದಿಸಿರಿ, ಅದರಲ್ಲಿ ದೊರೆತ ಮಾತನ್ನು ನಿಮ್ಮ ಮಕ್ಕಳಿಗೆ ಹೇಳಿಕೊಡಿರಿ.