ಜಪಾನಿನ ತಾರೆಗಳ ಹಬ್ಬ

ಬೇಸಿಗೆಯ ನಿರ್ಮಲ ರಾತ್ರಿಗಳಲ್ಲಿ ಜಪಾನಿನ ಆಗಸದಲ್ಲಿ ನೆತ್ತಿಯ ಸಮೀಪ ಉಜ್ವಲವಾದ ನಕ್ಷತ್ರವೊಂದು ಬೆಳಗುತ್ತದೆ. ಅದನ್ನು ನಮ್ಮವರು ಅಭಿಜಿತ್ ಎಂದು ಕರೆದಿದ್ದಾರೆ. ಆಕಾಶಗಂಗೆಯ ಇನ್ನೊಂದು ದಡದಲ್ಲಿ ಹೊಳೆಯುವುದು ಶ್ರವಣ. ಜಪಾನೀಯರ ಪಾಲಿಗೆ ಅಭಿಜಿತ್ ನೇಯ್ಗೆಯ ಕುವರಿ ಓರಿಹಿಮೆ. ಶ್ರವಣ ದನಗಾಹಿ ಹಿಕೊಬೊಶಿ. ನಮ್ಮಂತೆಯೇ ಅವರೂ ಆ ಬೆಳ್ಳನೆಯ ಪಟ್ಟಿಯನ್ನು ನದಿಯೆಂದೇ ಕಂಡಿದ್ದಾರೆ.

ಓರಿಹಿಮೆ ದೇವಲೋಕದ ಒಡೆಯನ ಮಗಳು. ಹಿಕೊಬೊಶಿಯನ್ನು ವರಿಸಿದ ಮೇಲೆ ಅವಳು ಮಗ್ಗವನ್ನು ಮರೆತಳು. ಅವನ ದನಗಳು ದಿಕ್ಕುಗೆಟ್ಟು ಅಲೆದವು. ಸಿಟ್ಟಾದ ತಂದೆ ಇಬ್ಬರನ್ನೂ ನದಿಯ ಎರಡು ದಡಗಳಿಗೆ ಅಗಲಿಸಿ, ವರ್ಷಕ್ಕೊಮ್ಮೆ, ಏಳನೆಯ ತಿಂಗಳಿನ ಏಳನೆಯ ರಾತ್ರಿ ಮಾತ್ರ ಕೂಡಲು ಅನುಮತಿಯಿತ್ತನು. ಅಂದು ಮಳೆ ಬಂದರೆ ನದಿ ಉಕ್ಕಿ ಭೇಟಿ ತಪ್ಪುವುದೆಂಬ ನಂಬಿಕೆಯಿದೆ. ಈ ಎರಡು ತಾರೆಗಳ ನಡುವಣ ಅಂತರವನ್ನು ದಾಟಲು ಬೆಳಕಿಗೂ ಸುಮಾರು 15 ವರ್ಷ ಬೇಕು. ಆದರೆ ಕಥೆಗೆ ಆ ಲೆಕ್ಕವೇಕೆ?

ಚೀನಾದಿಂದ ಬಂದ ಈ ಕಥೆ ಎಂಟನೆಯ ಶತಮಾನದಲ್ಲಿ ಜಪಾನಿನ ಅರಮನೆಯ ಹಬ್ಬವಾಯಿತು. ಇದರ ಹೆಸರು ತನಬಾತ. ಅಂದು ಸ್ತ್ರೀಯರು ನೇಯ್ಗೆ, ಹೊಲಿಗೆಗಳಲ್ಲಿ ನೈಪುಣ್ಯವನ್ನು ಬೇಡುತ್ತಿದ್ದರು. ಧನಕನಕಗಳಿಗಿಂತ ಕೈಯ ಕುಶಲತೆಯನ್ನು ಮುಂದಿಟ್ಟುದೇ ಈ ಹಬ್ಬದ ಹಿರಿಮೆ. ಕಾಲಕ್ರಮದಲ್ಲಿ ಅದು ಜನಸಾಮಾನ್ಯರ ಮನೆಗಳಿಗೂ ಪಾಠಶಾಲೆಗಳಿಗೂ ಇಳಿಯಿತು. ಮುಂಜಾನೆ ಕೆಸುವಿನ ಎಲೆಗಳ ಮೇಲಿನ ಇಬ್ಬನಿಯನ್ನು ಕೂಡಿಸಿ, ಅದರಲ್ಲಿ ಮಸಿ ತೇದು ಬರೆದರೆ ಅಕ್ಷರ ದುಂಡಗಾಗುವುದೆಂದು ಮಕ್ಕಳು ನಂಬುತ್ತಿದ್ದರು. ಆ ಹನಿಗಳು ಆಕಾಶದ ನದಿಯಿಂದಲೇ ಉದುರಿದವೆಂಬುದು ಪ್ರತೀತಿ.

ಇಂದಿಗೂ ಬಣ್ಣಬಣ್ಣದ ಕಾಗದದ ಕಿರುಪಟ್ಟಿಗಳ ಮೇಲೆ ಹಾರೈಕೆಗಳನ್ನು ಬರೆದು ಬಿದಿರಿನ ಕೊಂಬೆಗಳಿಗೆ ಕಟ್ಟುತ್ತಾರೆ. ಆ ಪಟ್ಟಿಗೆ ತನ್‌ಜಾಕು ಎಂದು ಹೆಸರು. ಅದರ ಜೊತೆಗೆ ಕಾಗದದ ಉಡುಪು, ದೀರ್ಘಾಯುಷ್ಯದ ಸಂಕೇತವಾದ ಕೊಕ್ಕರೆ, ಮೀನಿನ ಬಲೆ, ಹಣದ ಚೀಲಗಳೂ ತೂಗುತ್ತವೆ. ಉದ್ದನೆಯ ಇಳಿಬೀಳುವ ಪಟ್ಟಿಗಳು ಓರಿಹಿಮೆಯ ನೂಲಿನ ಎಳೆಗಳು. ಇವೆಲ್ಲವುಗಳಿಗಿಂತ ಸೊಗಸಾದುದು ಕಾಗದದ ಪುಟ್ಟ ಕಸದ ಬುಟ್ಟಿ. ಅಲಂಕಾರಗಳನ್ನು ಕತ್ತರಿಸುವಾಗ ಉಳಿದ ಚೂರುಗಳನ್ನೇ ಅದರೊಳಗೆ ತುಂಬುತ್ತಾರೆ. ಶುಚಿತ್ವಕ್ಕೂ ಮಿತವ್ಯಯಕ್ಕೂ ಹಬ್ಬದಲ್ಲಿ ಹೀಗೆ ಸ್ಥಾನ ಕೊಟ್ಟವರು ವಿರಳ.

1873ರಲ್ಲಿ ಜಪಾನು ಹಳೆಯ ಚಾಂದ್ರಮಾನ ಪಂಚಾಂಗವನ್ನು ಬಿಟ್ಟಿತು. ಹೊಸ ಲೆಕ್ಕದಲ್ಲಿ ಹಬ್ಬ ಜುಲೈ 7ಕ್ಕೆ, ಅಂದರೆ ದೇಶದ ಬಹುಭಾಗದಲ್ಲಿ ಮಳೆ ಸುರಿಯುವ ದಿನಗಳಿಗೆ ಬಂದಿತು! ಆದ್ದರಿಂದ ಕೆಲವು ಊರುಗಳು ಒಂದು ತಿಂಗಳು ತಡವಾಗಿ ಇದನ್ನು ಆಚರಿಸುತ್ತವೆ. ಅವುಗಳಲ್ಲಿ ಪ್ರಸಿದ್ಧವಾದುದು ಸೆಂದಾಯ್ ನಗರ. ಆಗಸ್ಟ್ 6ರಿಂದ 8ರವರೆಗೆ ಅಲ್ಲಿಯ ಅಂಗಡಿಬೀದಿಗಳಲ್ಲಿ ಎತ್ತರದ ಬಿದಿರುಗಳಿಂದ ಕಾಗದದ ಹೂಚೆಂಡುಗಳೂ ಪಟ್ಟಿಗಳೂ ಜನರ ತಲೆಗೆ ತಾಗುವಷ್ಟು ಕೆಳಗೆ ಜೋಲಾಡುತ್ತವೆ. ವರ್ತಕರು ತಮ್ಮ ಅಲಂಕಾರವನ್ನು ಹಬ್ಬದ ದಿನದವರೆಗೂ ಗುಟ್ಟಾಗಿಡುತ್ತಾರೆ.

1945ರ ಜುಲೈನಲ್ಲಿ ವಿಮಾನದಾಳಿಗೆ ಸಿಕ್ಕಿ ಸೆಂದಾಯ್ ನಗರದ ನಡುಭಾಗ ಸುಟ್ಟುಹೋಯಿತು. ಮರುವರ್ಷವೇ ಆ ಹಾಳುಬಿದ್ದ ನೆಲದಲ್ಲಿ ಜನರು 52 ಬಿದಿರುಗಳನ್ನು ಸಿಂಗರಿಸಿ ನಿಲ್ಲಿಸಿದರು. 2011ರ ಮಾರ್ಚ್‌ನಲ್ಲಿ ಭೂಕಂಪ, ಸುನಾಮಿಗಳು ಆ ಪ್ರದೇಶವನ್ನು ಧ್ವಂಸಗೊಳಿಸಿದವು. ಆ ಆಗಸ್ಟ್‌ನಲ್ಲಿಯೂ ಹಬ್ಬ ನಿಲ್ಲಲಿಲ್ಲ. ನಗರದ ಶಾಲೆಗಳ ಮಕ್ಕಳು ಮಡಿಸಿದ ಕಾಗದದ ಕೊಕ್ಕರೆಗಳು ಬಿದಿರಿನಿಂದ ಸಾಲುಸಾಲಾಗಿ ತೂಗಿದವು.